ಸೀನಿದ್ದು ಯಾವಾಗ

ಗಾಣಕ್ಕೆ ಯಾರೂ ಕಟ್ಟಿಲ್ಲ, ಆದರೂ ಎಡಕ್ಕೇ ಸುತ್ತುತ್ತಿದೆ
ನನ್ನ ಉಕ್ಕಿನ ಮೇಜಿನ ಮೇಲೆ ಬೂತೋ.
ಅವರ ಮನೆಯ ಫ್ರೆಂಚಿನಲ್ಲಿ ಹಾಗೆಂದರೆ ಗುಂಡಿ, ಅಂಗಿಯದು.
ಟಾರ್ಚ್ ಹಿಡಿದರೆ ಪಾಪೆ ಮುದುಡುತ್ತದೆ, ಎರಡೂ, ಸರಿಯಾಗಿಯೇ.
ಹತ್ತಿಯುಂಡೆ ಬಲಗಡೆ ಬಿಟ್ಟೆ.
ಬಿದ್ದೇ ಇಲ್ಲವೆಂಬಂತೆ ಕೂತಿತು.
ಕಣ್ಣಿಗೆ ಕಾಣುತ್ತದೆ, ಬೆಕ್ಕಿಗೆ ಕಾಣುವುದಿಲ್ಲ.

ಓನೆಸಿಮ್ ಥಿಬೊಡೊ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದಾನೆ,
ಉಗುರಿನಲ್ಲಿ ಆಲೂಗಡ್ಡೆ ಹೊಲದ ಮಣ್ಣು.
ಉತ್ತರ ಮೇಯ್ನ್‌ನಲ್ಲಿ ಆಗಸ್ಟ್ ಮುಗಿಯುತ್ತಿದೆ.
ಮೆದುಳಿನ ಚಿತ್ರ ತೆಗೆಯುವ ಯಂತ್ರ ಇರುವುದು ಪೋರ್ಟ್‌ಲ್ಯಾಂಡಿನಲ್ಲಿ,
ಐದು ತಾಸಿನ ದಾರಿ. ಬೆಲೆಯನ್ನೂ ಹೇಳಿದೆ.
ಆತ ಟೊಪ್ಪಿಯೊಳಗೆ ಇಣುಕಿದ,
ಅಲ್ಲೇನಾದರೂ ಇದ್ದೀತೆಂಬಂತೆ.

ಹಾಗಾದರೆ ಮಾತಿನಿಂದಲೇ ಸೀಳಿ ನೋಡಬೇಕು.
ಬಿದ್ದಿತ್ತೆ? ಇಲ್ಲ.
ಹಸಿಮಾಂಸ? ತಾನೇ ಹಿಡಿದದ್ದು, ಅಷ್ಟೆ.
ಟಾಕ್ಸೊಪ್ಲಾಸ್ಮಾ ನೋಡಲು ರಕ್ತ ಕಳಿಸುತ್ತೇನೆ,
ಆದರೆ ಆ ಕಾಗದ ಹೇಳುವುದು ಎಂದೋ ಬಂದ ನೆಂಟನ ಸುದ್ದಿ,
ಈಗ ಒಳಗೆ ಯಾರಿದ್ದಾರೆಂದಲ್ಲ.
ಸೀನಿತ್ತೆ?

ಆತನ ಮುಖ ಬೆಳಗಿತು.
ಎರಡು ವಾರದ ಹಿಂದೆ, ದಿನವಿಡೀ!
ಮೊಮ್ಮಗಳು ಸೀನಿಗೊಮ್ಮೆ ನೂರ್ಕಾಲ ಬಾಳು ಎಂದಳು,
ಎಣಿಸಿದಳು, ನಲವತ್ತೊಂದಕ್ಕೆ ಬೇಸತ್ತು ಬಿಟ್ಟಳು.

ನನ್ನ ಮುಖ ಬೆಳಗಲಿಲ್ಲ.

ಹುಲ್ಲಿಲಿಯ ಬಿಲದ ಬಾಯಲ್ಲಿ ನೊಣವೊಂದು
ಮೊಟ್ಟೆಯಿಟ್ಟು ಹೋಗಿರುತ್ತದೆ. ಉಸಿರಿನ ಬಿಸಿ ತಾಕಿದರೆ ಸಾಕು,
ದಾರದ ತುಣುಕಿನಷ್ಟು ಮರಿಹುಳ ಎದ್ದು ಅಂಟಿಕೊಳ್ಳುತ್ತದೆ.
ಇಲಿಯ ತೊಗಲಡಿ ಕೆಲವು ವಾರ ಉಂಡು
ಮಣ್ಣಿಗೆ ಬೀಳುವುದು, ಅದರ ಬಾಳು ಇಷ್ಟೇ.
ಬೂತೋ ಕಾದದ್ದು ಇಲಿಗೆ, ಹುಳ ಕಾದದ್ದೂ ಇಲಿಗೆ,
ಆ ಗುಂಡಿಯ ಬಾಯಲ್ಲಿ ಎರಡಕ್ಕೂ ಇಲಿ ಸಿಗಲಿಲ್ಲ.
ಮೂಗು ಹೊಕ್ಕಿದ್ದಕ್ಕೆ ಮುಂದಿನ ಮನೆ ಗೊತ್ತಿಲ್ಲ.
ಎಲುಬಿನ ಜರಡಿ ದಾಟಿ ಮೇಲಕ್ಕೆ ಹೋಯಿತು.
ದಾರಿ ಕೇಳಲು ಅಲ್ಲಿ ಯಾರಿದ್ದಾರೆ?

ಖಂಡಿತವೇ? ಎಂದ ಆತ.
ಖಂಡಿತವಾಗುವುದು ತಲೆಬುರುಡೆ ತೆರೆದಾಗ. ಅದನ್ನು ಹೇಳಲಿಲ್ಲ.
ಆಗಸ್ಟ್ ಹೇಳುತ್ತಿದೆ, ಸೀನು ಹೇಳುತ್ತಿದೆ, ಎಂದೆ.
ಮೊದಲ ಸೂಜಿ, ಹುಳ ಸಾಯುವಾಗ ಮೈ ರೇಗದಿರಲು.
ಎರಡನೆಯದು ಹುಳಕ್ಕೆ.
ನಡೆದ ದಾರಿಗೆ ಮಾತ್ರ ಸೂಜಿಯಿಲ್ಲ.

ನಾಲ್ಕನೆಯ ದಿನ ಫೋನು:
ಸುತ್ತು ದೊಡ್ಡದಾಗಿದೆ ಡಾಕ್ಟ್ರೇ,
ಚಾಪೆಯಷ್ಟಿದ್ದದ್ದು ಅಡುಗೆಮನೆಯಷ್ಟಾಗಿದೆ.
ಒಳ್ಳೆಯದೋ, ಕೆಟ್ಟದ್ದೋ?
ಗೋಡೆ ತಾಕಿದರೆ ಏನು ಮಾಡುತ್ತದೆ?
ನಿಲ್ಲುತ್ತದೆ. ಏನೋ ಯೋಚಿಸುತ್ತದೆ.
ಎಷ್ಟು ಹೊತ್ತು?
ಅದನ್ನು ನೋಡಲಿಲ್ಲವಲ್ಲ, ಎಂದ.
ಮೊಮ್ಮಗಳಿಗೆ ಎಣಿಸಲು ಹೇಳಿ, ಎಂದೆ.