ಕೆಂಪು ತಂತಿ, ಕಪ್ಪು ತಂತಿ

ಲಿಯೆಪಾಯದಲ್ಲಿ ಗಾಳಿಗೆ ರಜೆಯಿಲ್ಲ.
ಕಿಟಕಿ ಸಂದಿಗೆ ಹಳೇ ಕಾಲುಚೀಲ ತುರುಕಿ
ಅಡುಗೆಮನೆಯ ಮೇಜಿನ ಮೇಲೆ
ಎಡಗಡೆಯ ಸ್ಪೀಕರನ್ನು ಅಂಗಾತ ಮಲಗಿಸಿದ್ದೇನೆ.
ಬಲಗಡೆಯದು ಬಾಗಿಲ ಬಳಿ ಸರದಿ ಕಾಯುತ್ತಿದೆ,
ತಲೆಯ ಮೇಲೆ ಅಮ್ಮನ ಮಾತ್ರೆ ಡಬ್ಬಿ ಹೊತ್ತು.

ಎಂಟು ತಿರುಪು. ಏಳು ಬಂದವು.
ಎಂಟನೆಯದು ಥೇಟ್ ಅಪ್ಪ:
ಬಲ ಹಾಕಿದಷ್ಟೂ ಬಿಗಿ.
ಒಂದು ಹನಿ ಎಣ್ಣೆ ಬಿಟ್ಟು ಚಹಾ ಕುಡಿದು ಬಂದೆ,
ತಾನಾಗಿ ಸಡಿಲಿಸಿತು.

ಕೋನಿನ ಸುತ್ತಲ ಫೋಮು ಬೆರಳು ತಾಗಿದ್ದೇ ತಡ
ಒಣಗಿದ ರೈ ರೊಟ್ಟಿಯಂತೆ ಪುಡಿಪುಡಿ.
ಮೂವತ್ತೆಂಟು ವರ್ಷ ಅದುರಿ ಅದುರಿ
ಇನ್ನು ಅದುರಲಿಕ್ಕೆ ಏನೂ ಉಳಿದಿರಲಿಲ್ಲ.
ಹಳೇ ಅಂಟನ್ನು ಸ್ಪಿರಿಟ್ಟಿನಲ್ಲಿ ನೆನೆಸಿ
ಉಗುರಿನಿಂದ ಕೆರೆದೆ, ಎರಡು ಸಂಜೆ.
ಮನೆಯೆಲ್ಲ ಆಸ್ಪತ್ರೆಯ ವಾಸನೆ.
‘ಯಾರಿಗೆ ಸೂಜಿ?’ ಒಳಗಿಂದ ಅಮ್ಮ.
‘ಅಪ್ಪನ ಪೆಟ್ಟಿಗೆಗೆ!’
‘ಏನು ರೊಟ್ಟಿಗೆ?’

ಒಳಗೆ ಹತ್ತಿ. ಹತ್ತಿಯ ಮಡಿಲಲ್ಲಿ
ಚದುರಂಗದ ಕರೀ ಕುದುರೆ.
ಅದು ಕಳೆದ ಮೇಲೆ ಇಷ್ಟು ವರ್ಷ
ಕುದುರೆಯ ಮನೆಯಲ್ಲಿ ನಿಂತು ಕಾದಾಡಿದ್ದು
ಅಮ್ಮನ ದಾರದ ಉರುಳೆ.
ಗಾಳಿಯ ತೂತಿನಿಂದ ಕುದುರೆಯನ್ನು ಒಳಗೆ ಬಿಟ್ಟವರು ಯಾರೆಂದು ಗೊತ್ತು.
ಹೇಳುವುದಿಲ್ಲ.

ಹೊಸ ಅಂಚು, ಹೊಸ ಅಂಟು,
ಸುತ್ತ ಹನ್ನೆರಡು ಬಟ್ಟೆ ಕ್ಲಿಪ್ಪು, ಬಡವರ ಕಿರೀಟ.
ಒಣಗುವ ಮೊದಲು ಕೋನನ್ನು ಮೆಲ್ಲಗೆ ಒತ್ತಿ
ಕಿವಿಯಿಟ್ಟು ಕೇಳಬೇಕು, ಸುರುಳಿ
ಅಯಸ್ಕಾಂತಕ್ಕೆ ಉಜ್ಜುತ್ತದೆಯೇ ಎಂದು.
ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲೇ
ಅದರ ಬದುಕು.

ಮೂರನೇ ದಿನ ಗೋಡೆ ಗಡಿಯಾರ ನಿಲ್ಲಿಸಿ
ಅದರ ಬ್ಯಾಟರಿಯನ್ನು ತಂತಿಗೆ ತಾಗಿಸಿದೆ.
ಎಡಗಡೆಯದು ಮುಂದೆ ಬಂತು,
ಎದೆ ತುಂಬ ಉಸಿರೆಳೆದಂತೆ.
ಬಲಗಡೆಯದು ಹಿಂದೆ ಸರಿಯಿತು.
ಮತ್ತೆ ತಾಗಿಸಿದೆ. ಮತ್ತೂ ಹಾಗೇ.
ಬಿಚ್ಚಿ ನೋಡಿದರೆ ಅಪ್ಪನದೇ ಬೆಸುಗೆ
(ಕೊಂಡು ತಂದ ವಾರವೇ ಬಿಚ್ಚಿ ‘ಸರಿ’ ಮಾಡಿದ್ದನಂತೆ),
ದಪ್ಪಗೆ, ಹೊಳೆಹೊಳೆದು, ಹೆಮ್ಮೆಯಿಂದ ಉಬ್ಬಿದ ಬೆಸುಗೆ:
ಕೆಂಪಿರಬೇಕಾದಲ್ಲಿ ಕಪ್ಪು.

ಅಂದರೆ ಇಷ್ಟು ಕಾಲ
ಇದು ತಳ್ಳಿದ್ದನ್ನು ಅದು ಎಳೆದುಕೊಂಡಿದೆ.
ತಗ್ಗು ಸ್ವರಗಳೆಲ್ಲ ಸೋಫಾ ಮುಟ್ಟುವ ಮುನ್ನವೇ
ಒಂದನ್ನೊಂದು ನುಂಗಿ ನೀರು ಕುಡಿದಿವೆ.

‘ಹಾಡುವವಳು ನಡುವೆ ನಿಂತಿಲ್ಲ, ಟಾಲಿವಾಲ್ಡಿಸ್,
ಗೋಡೆಯೊಳಗೆ ಎಲ್ಲೋ ಸಿಕ್ಕಿಕೊಂಡಿದ್ದಾಳೆ.’
‘ಮಗ್ಗದ ಸದ್ದಿಗೆ ನಿನ್ನ ಕಿವಿ ಹೋಗಿದೆ, ಔಸ್ಮಾ.’
ಹೀಗೆಂದು ಅಪ್ಪ ಸೋಫಾವನ್ನು ಒಂದು ಗೇಣು ಎಡಕ್ಕೆ,
ಮುಂದಿನ ಭಾನುವಾರ ಒಂದು ಗೇಣು ಬಲಕ್ಕೆ.
ಲಿನೋಲಿಯಂ ಮೇಲೆ ಇವತ್ತಿಗೂ ಇವೆ
ಆ ಭಾನುವಾರಗಳ ಗೀರು.
ಆಮೇಲಾಮೇಲೆ ಅವಳು ಹಾಡಿನ ಹೊತ್ತಿಗೆ
ಅಡುಗೆಮನೆಯಲ್ಲೇ ಆಲೂಗಡ್ಡೆ ಹೆರೆಯುತ್ತಿದ್ದಳು.

ಎರಡು ತಂತಿ ಅದಲುಬದಲು.
ನಾಲ್ಕು ನಿಮಿಷದ ಕೆಲಸ, ಅದರಲ್ಲಿ ಮೂರು
ಬೆಸುಗೆ ಕಡ್ಡಿ ಕಾಯಲಿಕ್ಕೆ.

ರೆಕಾರ್ಡು ಹಾಕಿದೆ. ಸೂಜಿ ಇಳಿಯಿತು.
ಕಿಟಕಿಗೂ ಕಪಾಟಿಗೂ ನಡುವೆ, ಖಾಲಿ ಜಾಗದಲ್ಲಿ
ಒಬ್ಬಳು ಬಂದು ನಿಂತಳು.
ಅವಳ ಬೆನ್ನಿಗೆ ಚೆಲ್ಲೋ ನೆಲದಿಂದ ಎದ್ದು
ಕುರ್ಚಿಯ ಕಾಲು ಹತ್ತಿತು.

ಅಮ್ಮ ಬಂದಳು. ಕಿವಿಯ ಯಂತ್ರ ಸಿಕ್ಕಿಸಿಕೊಂಡು
ಸೋಫಾದ ತುದಿಯಲ್ಲಿ ಕೂತಳು.
ಕೆಂಪು ಕಪ್ಪಿನ ಕತೆ ನನ್ನ ನಾಲಗೆ ತುದಿಯಲ್ಲಿತ್ತು:
ಈಗ ಹೇಳಿದರೆ ಯಾರನ್ನು ಗೆಲ್ಲಿಸಿದಂತೆ?
ಸುಮ್ಮನಿದ್ದೆ. ಅವಳೂ.
ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು,
ತಡವಾಗಿ ಬಂದ ನೆಂಟರನ್ನು ನೋಡುವ ಹಾಗೆ,
ಮೇಲಿಂದ ಕೆಳಗೆ.

ಪುಟ ಮುಗಿದು ಸೂಜಿ ಮೇಲೆದ್ದ ಮೇಲೆ ಕೇಳಿದಳು:
‘ಅಯ್ಯೋ, ಅವಳು ಇಷ್ಟು ಕುಳ್ಳಿಯೇ?’