ಯಾಕವ್ವ

ಅವ್ವ ನನ್ನ ಹತ್ತಿರ ದುಡ್ಡು ಕೇಳುವುದಕ್ಕೆ
ಒಂದು ರೀತಿ ಇತ್ತು.
ಮೊದಲು ಕೊಟ್ಟಿಗೆ ಗುಡಿಸುವಳು,
ಗುಡಿಸಿದ್ದನ್ನೇ ಇನ್ನೊಂದು ಸಲ.
ಆಮೇಲೆ ಕಂಬಕ್ಕೆ ಕೈಕೊಟ್ಟು ನಿಂತು
ಎಮ್ಮೆಗೆ ಹೇಳಿದ ಹಾಗೆ:
'ಒಂದೈವತ್ತು ಇದ್ದಿದ್ರೆ ಆಗದು.'
ನಾನು ಸ್ಪ್ರೇಯರಿನ ವಾಷರ್ ಬಿಚ್ಚುತ್ತಾ
ತಲೆ ಎತ್ತದೆ ಕೇಳುತ್ತಿದ್ದೆ,
'ಯಾಕವ್ವ?'

ಕೊಡದೆ ಇದ್ದವನಲ್ಲ. ಅದನ್ನು ಬರೆದಿಟ್ಟುಕೊಳ್ಳಿ.
ಹೊಗೆಸೊಪ್ಪಿಗೆ, ಮಂಡಿಗೆ ಹಚ್ಚುವ ಎಣ್ಣೆಗೆ,
ಕಟ್ಟಾಯದ ತಂಗಿಯ ಮೊಮ್ಮಗುವಿನ ಕೈಗೆ ಇಡುವುದಕ್ಕೆ.
ಕಾರಣ ನೆಟ್ಟಗಿದ್ದರೆ ಐವತ್ತು,
ಸ್ವಲ್ಪ ಡೊಂಕಿದ್ದರೆ ಇಪ್ಪತ್ತು.
ನಾನೇ ಕೋರ್ಟು.

ಹೋದ ಶ್ರಾವಣದಿಂದ ಅವಳ ಹೆಸರಿಗೆ
ತಿಂಗಳಿಗೆ ಎರಡು ಸಾವಿರ.
ಕಾರ್ಡಿನಲ್ಲಿ ಮೊದಲ ಹೆಸರು ಅವಳದು,
ಚಿಕ್ಕತಾಯಮ್ಮ ಕೋಂ ಲೇಟ್ ಬೋರೇಗೌಡ.
ಇಂದ್ರಾಣಿ ಎರಡು ದಿನ ಸಾರಿಗೆ ಉಪ್ಪು ಮರೆತಳು,
ಮೂರನೇ ದಿನ ತಾನೇ ಕರೆದುಕೊಂಡು ಹೋಗಿ
ದುದ್ದದ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿಸಿದಳು.
ಮಿಷನ್ನು ಮೂರು ಸಲ ಒಪ್ಪಲಿಲ್ಲವಂತೆ,
ಗೆರೆಯೇ ಇಲ್ಲ ಅಜ್ಜಿ, ಎಲ್ಲಿ ಸವೆಸಿದೆ ಅಂದರಂತೆ.
ಸೆರಗಿನಲ್ಲಿ ಉಜ್ಜಿ ನಾಲ್ಕನೇ ಸಲ ಒತ್ತಿದಳು.

ದುಡ್ಡು ಎಲ್ಲಿಗೆ ಹೋಗುತ್ತದೆ, ನೋಡೋಣ ಅಂತ ಕಾಯ್ದೆ.
ಮೊದಲ ತಿಂಗಳು ಏನಿಲ್ಲ.
ಎರಡನೇ ತಿಂಗಳು ಎರಡು ಹ್ಯಾಟೆ, ಒಂದು ಪ್ಲಾಸ್ಟಿಕ್ ಕುರ್ಚಿ,
ನೀಲಿಯದು. ಜಗಲಿಯಲ್ಲಿ ಹಾಕಿಕೊಂಡು ಕೂತಳು.
ಅವ್ವ ಕುರ್ಚಿಯ ಮೇಲೆ ಕೂತಿದ್ದನ್ನು
ಈ ಮನೆಯಲ್ಲಿ ನಾನು ಕಂಡದ್ದು ಅವತ್ತೇ.
ಮೂರನೆಯದರಲ್ಲಿ ಮೊಮ್ಮಗಳಿಗೆ ಜಾಮಿಟ್ರಿ ಬಾಕ್ಸು,
ಸೊಸೆಗೆ ಐನೂರು.
(ಇಂದ್ರಾಣಿ ಹೇಳಲಿಲ್ಲ. ಸಾಸಿವೆ ಡಬ್ಬಿ ಹೇಳಿತು.)

ಆಮೇಲೊಂದು ಬುಧವಾರ
ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋದವಳು
ಹೊತ್ತಿಳಿದ ಮೇಲೆ ಬಂದಳು, ಬರಿಗೈಲಿ.
'ಏನ್ ಮಾಡ್ದೆ?'
'ತಿಂದೆ.'
'ಏನ?'
'ದೋಸೆ. ಎರಡು. ಒಬ್ಳೇ ಕೂತ್ಕಂಡು.'
'ಆಮೇಲೆ?'
'ಆಮೇಲೆ ಕಾಫಿ ಕುಡದೆ.'

ಪುಗಸಟ್ಟೆ ದುಡ್ಡು, ಹೆಂಗಸರು ಮೈಗಳ್ಳರಾಗುತ್ತಾರೆ ಅಂತ
ಅರಳಿಕಟ್ಟೆಯಲ್ಲಿ ಹೇಳಿದವರಲ್ಲಿ ನಾನೂ ಒಬ್ಬ.
ಆಗಲಿಲ್ಲ.
ಬಿತ್ತನೆಗಡ್ಡೆ ಹೆಚ್ಚುವಾಗ ಈಗಲೂ ಅವಳ ಈಳಿಗೆಯೇ ಮುಂದೆ,
ತುಂಡಿಗೆ ಎರಡು ಕಣ್ಣು, ತಪ್ಪುವುದಿಲ್ಲ.
ನಿಂತದ್ದು ಒಂದೇ,
ಗುಡಿಸಿದ ಕೊಟ್ಟಿಗೆಯನ್ನು ಮತ್ತೆ ಗುಡಿಸುವುದು.
ನಿಂತ ಮೇಲೆ ಗೊತ್ತಾಯಿತು
ಆ ಪೊರಕೆ ಸದ್ದಿಗೆ ನಾನು ಕಾಯುತ್ತಿದ್ದೆ ಎಂದು.
ಈಗಲೂ ಸ್ಪ್ರೇಯರ್ ಬಿಚ್ಚಿಕೊಂಡು ಕೂರುತ್ತೇನೆ,
ಕೆಟ್ಟಿಲ್ಲದ ಸ್ಪ್ರೇಯರ್.
ಯಾರೂ ಬರುವುದಿಲ್ಲ.

ಈ ಆಷಾಢದಲ್ಲಿ ಐದು ದಿನ ಸೋನೆ ಹಿಡಿದು
ಆಲೂಗಡ್ಡೆಗೆ ಅಂಗಮಾರಿ ಬಿತ್ತು.
ಔಷಧಿಗೆ ಎಂಟುನೂರು ಕಡಿಮೆ.
ಎಮ್ಮೆಗೆ ಹುಲ್ಲು ಹಾಕಿದೆ,
ಹಾಕಿದ ಹುಲ್ಲಿನ ಮೇಲೆ ಇನ್ನೊಂದು ಹಿಡಿ.
ಕಂಬಕ್ಕೆ ಕೈಕೊಟ್ಟು ನಿಂತೆ.
ಕಾರಣ ಜೋಡಿಸಿಟ್ಟುಕೊಂಡಿದ್ದೆ:
ಎಲೆಯಂಚು ಹೇಗೆ ಕಪ್ಪಾಗಿದೆ, ಪೊಟ್ಟಣಕ್ಕೆಷ್ಟು,
ಇವತ್ತು ಹೊಡೆಯದಿದ್ದರೆ ನಾಳೆಗೆ ಎಷ್ಟು ಸಾಲು.
'ಒಂದೆಂಟುನೂರು ಇದ್ದಿದ್ರೆ...'

ಕುರ್ಚಿಯಿಂದ ಏಳದೆ ಸೊಂಟದ ಚೀಲ ಬಿಚ್ಚಿದಳು.
ಐನೂರರ ಒಂದು, ನೂರರ ಎರಡು,
ಉಳಿದ ನೂರು ಹತ್ತರ ನೋಟುಗಳಲ್ಲಿ,
ಎಂಜಲು ಮುಟ್ಟಿಸಿ ಎರಡು ಸಲ ಎಣಿಸಿದಳು.
ಕೇಳಲಿಲ್ಲ.
ನಾನೇ ಶುರುಮಾಡಿದೆ, ಎಲೆ ಅಂತ, ಕಪ್ಪು ಅಂತ.
'ಹೋಗ್ಲಾ, ಅಂಗಡಿ ಮುಚ್ತಾರೆ.'

ಬದುವಿನ ಮೇಲೆ ಓಡುತ್ತಿದ್ದೆ.
ಹೇಳದೆ ಉಳಿದ ಕಾರಣ ಬಾಯಲ್ಲಿ ಹಾಗೇ ಇತ್ತು,
ಬೇಯದ ಗಡ್ಡೆಯ ತುಂಡಿನಂತೆ.
ಜೇಬಿನ ಹತ್ತರ ನೋಟುಗಳು
ಹೊಗೆಸೊಪ್ಪು ನಾರುತ್ತಿದ್ದವು.