ಗುಂಡಿ ಸ್ವಲ್ಪ ಬಿಗಿ

ಜಕ್ಕೂರಿನಲ್ಲಿ ನೆಲಕ್ಕಂಟಿ ನಿಂತ ವಿಮಾನವೂ
ಮೂರು ಸಾವಿರ ಅಡಿ ಮೇಲಿದ್ದೇನೆ ಅನ್ನುತ್ತದೆ.
ಸುಳ್ಳಲ್ಲ. ಈ ಊರೇ ಅಷ್ಟೆತ್ತರ.
ಬಸ್ಸಿಗೆ ಕಾಯುವವರು, ಸೊಪ್ಪಿನ ಗಾಡಿಯವರು,
ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಕೊಂಡು ಹಾರ್ನ್ ಒತ್ತುವವರು,
ಯಾರಿಗೂ ಅದರ ನೆನಪಿರುವುದಿಲ್ಲ.

ನನಗಿರುತ್ತದೆ.
ಎತ್ತರ ಹೇಳುವ ಡಬ್ಬಿಗಳ ರಿಪೇರಿ ನನ್ನ ಕೆಲಸ.
ಅಬ್ಬಾ ಅವೆನ್ಯೂ ರಸ್ತೆಯಲ್ಲೊಂದು ಮೆಟ್ಟಿಲಿನ ಕೆಳಗೆ ಕೂತು
ಗಡಿಯಾರ ಬಿಚ್ಚುತ್ತಿದ್ದರು.
ಅವರದೇ ಭೂತಗನ್ನಡಿ, ಅವರದೇ ಚಿಮಟ ನನ್ನ ಮೇಜಿನ ಮೇಲೆ.
ನನ್ನದು ತಪ್ಪಿದರೆ ಯಾರಿಗೋ ರೈಲು ತಪ್ಪುತ್ತದೆ, ಅನ್ನುತ್ತಿದ್ದರು,
ನಿನ್ನದು ತಪ್ಪಿದರೆ?
ಅಷ್ಟು ಕೇಳಿ ಎಲೆಯಡಿಕೆಗೆ ಕೈಹಾಕುತ್ತಿದ್ದರು.

ಒಳಗೆ ಗುಟ್ಟೇನಿಲ್ಲ.
ತೆಳು ತಗಡಿನ ಪುಟ್ಟ ಹೊಟ್ಟೆ:
ಗಾಳಿ ಹಗುರಾದರೆ ಉಬ್ಬುತ್ತದೆ, ಭಾರವಾದರೆ ಕುಗ್ಗುತ್ತದೆ,
ಮುಳ್ಳು ತಿರುಗುತ್ತದೆ.
ಅದಕ್ಕೆ ಬೆಟ್ಟ ಕಾಣದು.
ಇಲ್ಲಿಯ ಗಾಳಿ ಇಷ್ಟು ತೂಗುತ್ತದೆ ಎಂದು
ಯಾರಾದರೂ ಗುಂಡಿ ತಿರುಗಿಸಿ ಅದರ ಕಿವಿಯಲ್ಲಿ ಹೇಳಬೇಕು.
ಏಳು ಗೆರೆ ಮರೆತಿರೋ, ಇನ್ನೂರು ಅಡಿ.
ಇಲ್ಲದ ಇನ್ನೂರು ಅಡಿಯ ಮೇಲೆ ಕೂತಿರುತ್ತೀರಿ, ನೆಮ್ಮದಿಯಾಗಿ.

ಬಯಲಿನ ಮೇಲೆ ಈ ತಪ್ಪಿಗೆ ಶಿಕ್ಷೆಯಿಲ್ಲ.

ಬೊಳ್ಳಮ್ಮ ಮೇಡಂ ಪಾಠ ಹೇಳುವಾಗ
ಚಹಾದ ತಟ್ಟೆ ಬೋರಲು ಹಾಕುತ್ತಿದ್ದರು: ಇದು ಬೆಟ್ಟ.
ಬೆಂಕಿಕಡ್ಡಿ: ಇದು ನೀನು.
ಗಾಳಿ ಈ ಕಡೆಯಿಂದ ಹತ್ತುವಾಗ ನಿನ್ನನ್ನೂ ಎತ್ತಿಕೊಳ್ಳುತ್ತದೆ,
ನೆತ್ತಿ ದಾಟಿದೆಯೋ, ಕೈಬಿಡುತ್ತದೆ.
ಎಂಜಿನ್ನು ಎಷ್ಟು ಕಿರುಚಿದರೂ
ಬಕೆಟ್ಟಿನಿಂದ ಸುರಿದ ನೀರಿನ ಹಾಗೆ ಇಳಿಯುತ್ತೀಯ.
ಕಣಿವೆಯಲ್ಲಿ ನಡುಮಧ್ಯೆ ಹೋಗಬೇಡ, ಒಂದು ಬದಿ ಹಿಡಿ,
ತಿರುಗುವುದಕ್ಕೆ ಜಾಗ ಉಳಿದಿರಲಿ.
ಮೋಡ ಕಂಡರೆ ವಾಪಸು ಬಾ.
ಪೆಟ್ರೋಲು ದಂಡ ಅಂತ ಬೈಯಲಿ ಬಿಡು, ಬಾ.
ಆಮೇಲೆ ಅದೇ ತಟ್ಟೆಗೆ ಚಹಾ ಸುರಿದುಕೊಂಡು ಕುಡಿಯುತ್ತಿದ್ದರು.

ಆಷಾಢ.
ಹಲಸೂರಿನ ಅರುಳ್, ಐವತ್ತೆರಡು ಗಂಟೆ ಹಾರಿದ್ದ ಹುಡುಗ,
ಪಕ್ಕದ ಸೀಟಿನಲ್ಲಿ ಮೇಡಂ.
ಬೆಳಿಗ್ಗೆ ಏಳಕ್ಕೆ ಪಶ್ಚಿಮಕ್ಕೆ ಹೊರಟರು.
ಆ ಬೆಟ್ಟಕ್ಕೆ ನಕ್ಷೆಯಲ್ಲಿ ಹೆಸರಿಲ್ಲ,
ಒಂದು ಚುಕ್ಕೆ, ಚುಕ್ಕೆಯ ಪಕ್ಕ ಒಂದು ಅಂಕಿ, ೪೭೦೨.

ಹನ್ನೊಂದನೆಯ ದಿನ ಡಬ್ಬಿ ಗೋಣಿಚೀಲದಲ್ಲಿ ಬಂತು.
ಗುರುತು ಹಿಡಿಯಲು ನನ್ನನ್ನು ಕರೆದರು.
ಗಾಜಿಲ್ಲ. ಒಳಗೆ ಕೆಂಪು ಮಣ್ಣು, ಒಂದು ಹುಲ್ಲಿನೆಸಳು.
ಬಡಿದ ಕ್ಷಣ ಮುಳ್ಳು ಡಯಲಿಗೆ ಒರೆಸಿದ ಬಿಳಿ ಬಣ್ಣ,
ಭೂತಗನ್ನಡಿಯಲ್ಲಿ ಮಾತ್ರ ಕಾಣುವಷ್ಟು: ೪೮೯೦.
ಪುಟ್ಟ ಕಿಟಕಿಯಲ್ಲಿ ಇನ್ನೂ ಜಕ್ಕೂರಿನ ಗಾಳಿ.
ಅಲ್ಲಿ, ನೆತ್ತಿಯ ಮೇಲೆ ಬಿರುಸಾಗಿ ಓಡುತ್ತಿದ್ದ ಗಾಳಿ
ಎಷ್ಟೋ ಹಗುರಾಗಿತ್ತು.
ಅವರು ದಾಟಿದೆವು ಎಂದುಕೊಂಡಿರಬೇಕು.

ನಿಮ್ಮ ಕೆಲಸದಲ್ಲಿ ದೋಷವಿಲ್ಲ ಸಮೀವುಲ್ಲಾ, ಎಂದರು ಅಧಿಕಾರಿ.
ನಾನು ಉಸಿರು ಬಿಟ್ಟೆ.
ಎಷ್ಟು ಜೋರಾಗಿ ಬಿಟ್ಟೆನೆಂದರೆ
ಹುಲ್ಲಿನೆಸಳು ಅಲುಗಿತು.

ಸಂಜೆ ಎಲ್ಲರೂ ಹೋದಮೇಲೆ ರಿಜಿಸ್ಟರು ತೆಗೆದೆ.
ನನ್ನದೇ ಅಕ್ಷರ, ಏಪ್ರಿಲ್ ತಿಂಗಳದ್ದು:
ಮುಳ್ಳು ಸರಿ. ಸೋರಿಕೆ ಇಲ್ಲ.
ಗುಂಡಿ ಸ್ವಲ್ಪ ಬಿಗಿ, ಮಿತಿಯೊಳಗೆ.
ಸಹಿ.

ಎಷ್ಟು ಬಿಗಿ?
ಮೇಜಿನ ಮೇಲೆ ಎರಡು ಬೆರಳು ಸಾಕಿತ್ತು.
ಹೊಟ್ಟೆ ಬಾಯಿಗೆ ಬರುವಂತೆ ವಿಮಾನ ಎತ್ತಿ ಒಗೆಯುವಾಗ,
ಹುಡುಗನ ಬೆರಳು ಬೆವರಿದ್ದಾಗ?
ಅಥವಾ ಆ ಗುಂಡಿಯ ಕಡೆ ಕೈ ಹೋಗಲೇ ಇಲ್ಲವೋ.
ಅದನ್ನು ಹೇಳುವ ಮುಳ್ಳು ಯಾವ ಡಬ್ಬಿಯಲ್ಲೂ ಇಲ್ಲ.

ಈಗ ಪ್ರತಿ ಗುಂಡಿಯನ್ನೂ ಎಡಗೈಯ ಕಿರುಬೆರಳಿಂದ ತಿರುಗಿಸಿ ನೋಡುತ್ತೇನೆ.
ಹೊಸ ಹುಡುಗರು ನಗುತ್ತಾರೆ, ನಗಲಿ.
ಸ್ಟೂಲಿನ ಮೇಲೆ ಕೂತರೆ ಕಾಲು ನೆಲಕ್ಕೆ ತಾಗುತ್ತದೆ,
ಒಮ್ಮೊಮ್ಮೆ
ಒತ್ತಿ ನೋಡುತ್ತೇನೆ.